ಆರನೇ ಪ್ರತಿಯ ಪೆಟ್ಟು

ನಾನು ಒಂದು ಮಂಚ. ಮಂಚ ಎಂದೊಡನೆ ಹಾಸಿಗೆ, ದಿಂಬು, ಗೊರಕೆ ಎಂದೆಲ್ಲ ಊಹಿಸಿಕೊಳ್ಳಬೇಡಿ. ಒಬ್ಬರನ್ನು ಬಿಟ್ಟರೆ ನಾನು ಯಾರನ್ನೂ ಮುಕ್ಕಾಲು ಗಂಟೆಗಿಂತ ಹೆಚ್ಚು ಹೊತ್ತು ಇಟ್ಟುಕೊಂಡದ್ದಿಲ್ಲ. ಆದರೆ ಆ ಮುಕ್ಕಾಲು ಗಂಟೆಯಲ್ಲಿ, ಕುತ್ತಿಗೆ ತಿರುಗಿಸಲಾರದೆ ಬಂದವರು ಹಿಂದಿರುಗಿ ನೋಡಿ ನಕ್ಕು ಹೋಗಿದ್ದಾರೆ. ಇದನ್ನು ಜಂಬ ಎನ್ನುವವರು ಎನ್ನಲಿ ಬಿಡಿ. ಇಷ್ಟು ವರ್ಷ ದುಡಿದಿದ್ದೇನೆ, ನಾಲ್ಕು ಮಾತು ಹೇಳಿಕೊಳ್ಳದಿದ್ದರೆ ಹೇಗೆ?

ನಾನು ಹುಟ್ಟಿದ್ದು ಧಾರವಾಡದಲ್ಲಿ, ಮೌನೇಶಪ್ಪ ಎಂಬ ಬಡಿಗನ ಕೈಯಲ್ಲಿ. ಅಲ್ಲಿಯವರೆಗೆ ಆತ ಬಾಗಿಲು, ತೊಟ್ಟಿಲು, ಮದುವೆಯ ಪಲ್ಲಂಗ ಎಲ್ಲ ಮಾಡಿದ್ದನೇ ಹೊರತು ನನ್ನಂಥದ್ದನ್ನು ಕನಸಿನಲ್ಲೂ ಕಂಡವನಲ್ಲ. ಒಂದು ದಿನ ಲಿಡಿಯಾ ಸೋನ್ಸ್ ಎಂಬ ಹೆಣ್ಣುಮಗಳು ಕಾಗದದ ಮೇಲೆ ನಕ್ಷೆ ಬರೆದುಕೊಂಡು ಬಂದಳು. ಪರದೇಶದಲ್ಲಿ ಆಸ್ಟಿಯೋಪತಿ ಓದಿ ಆಗಷ್ಟೇ ಊರಿಗೆ ಮರಳಿದ್ದಳು. ಮದ್ದಿಲ್ಲ, ಸೂಜಿಯಿಲ್ಲ, ಎಲುಬು, ಕೀಲು, ಸ್ನಾಯು ಎಲ್ಲಿ ಬಿಗಿದಿವೆ ಎಂದು ಕೈಯಿಂದಲೇ ಹುಡುಕಿ, ಕೈಯಿಂದಲೇ ಸಡಿಲಿಸುವ ವಿದ್ಯೆ ಅದು. ಅದಕ್ಕೆ ತಕ್ಕ ಮಂಚ ಬೇಕಾಗಿತ್ತು.

ನಕ್ಷೆ ನೋಡಿ ಮೌನೇಶಪ್ಪ ತಲೆ ಕೆರೆದುಕೊಂಡ. "ಎಲ್ಲಾ ತಿಳೀತ್ರಿ ಬಾಯಾರ. ತಲಿ ಕಡೆ ಈ ತೂತು ಯಾಕ?"

"ಬೋರಲು ಮಲಗಿದವರು ಉಸಿರಾಡಬೇಕಲ್ರೀ? ಮಾರಿ ಇಡಲಿಕ್ಕೆ ಅದು."

"ಅಯ್ಯ ಶಿವನ! ಮಾರಿ ಇಡಾಕ ತೂತು!" ಎಂದು ಆತ ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೆ ಕೆಲಸಕ್ಕೆ ಕೂತ ಮೇಲೆ ನಗಲಿಲ್ಲ. ಹೊನ್ನೆ ಮರವನ್ನು ಆರಿಸಿ ತಂದು, ಒಂದೂ ಮೊಳೆ ಹೊಡೆಯದೆ ನನ್ನನ್ನು ಜೋಡಿಸಿದ. ಕಡೆಗೆ ಆ ಬೋಳು ತೂತನ್ನು ಹಾಗೇ ಬಿಡಲು ಅವನಿಗೆ ಮನಸ್ಸು ಬರಲಿಲ್ಲ. ಶುಭಕ್ಕೆ ಇರಲಿ ಎಂದು ಅದರ ಸುತ್ತ ಕಮಲದ ದಳಗಳನ್ನು ಕೆತ್ತಿಬಿಟ್ಟ. ನನ್ನ ಮೇಲೆ ಮಲಗಿದ ಮೊದಲ ನಾಲ್ಕು ಮಂದಿ ಎರಡೂ ಕೆನ್ನೆಯ ಮೇಲೆ ಕಮಲದ ಅಚ್ಚು ಹೊತ್ತುಕೊಂಡು ಮನೆಗೆ ಹೋದರು. ಲಿಡಿಯಾ ನಕ್ಕೂ ನಕ್ಕೂ ಸುಸ್ತಾಗಿ, ನನಗೆ ಹತ್ತಿ ತುಂಬಿಸಿ ಮೇಲೆ ಹಸಿರು ರೆಕ್ಸಿನ್ ಹೊದಿಸಿದಳು. ಆ ಕೆತ್ತನೆ ಇಂದಿಗೂ ಯಾರಿಗೂ ಕಾಣದಂತೆ ಒಳಗಿದೆ.

ಮೊದಮೊದಲು ಜನಕ್ಕೆ ನನ್ನ ಬೆಲೆ ತಿಳಿಯಲಿಲ್ಲ. "ಇದೇನ್ರಿ, ಇಸ್ತ್ರಿ ಮಾಡೋ ಟೇಬಲ್ಲಾ?" ಎಂದು ಕೇಳಿದವರಿದ್ದಾರೆ. ಪೋಸ್ಟ್‌ಮಾರ್ಟಮ್ ಮಾಡುವ ಟೇಬಲ್ಲೆಂದು ಹೆದರಿ ಚಪ್ಪಲಿ ಹಾಕಿಕೊಂಡು ಓಡಿದವರೂ ಇದ್ದಾರೆ. ಎಷ್ಟು ಸಿಟ್ಟು ಬರುತ್ತಿತ್ತು ಗೊತ್ತೇ! ಒಮ್ಮೆ ನೂರಾ ಹತ್ತು ಕಿಲೋ ತೂಗುವ ಪೈಲ್ವಾನನೊಬ್ಬ ಬಂದು ನನ್ನ ಮೇಲೆ ಧೊಪ್ಪೆಂದು ಬಿದ್ದ. ನಾನು ಕಿರ್ ಎನ್ನಲಿಲ್ಲ. ಎದ್ದ ಮೇಲೆ ಆತ ನನ್ನ ಕಾಲು ಮುಟ್ಟಿ ನೋಡಿ "ಭಾರೀ ಗಟ್ಟಿ ಅದ ಬಿಡ್ರಿ" ಎಂದ. ಅಂದಿನಿಂದ ನನ್ನ ಬಗ್ಗೆ ಯಾರೂ ಹಗುರಾಗಿ ಮಾತಾಡಲಿಲ್ಲ.

ವರ್ಷಗಳು ಕಳೆದಂತೆ ಬರುವವರು ಬದಲಾದರು. ಮೂಟೆ ಹೊತ್ತವರು, ಮೆಟ್ಟಿಲಿಂದ ಬಿದ್ದವರು ಕಡಿಮೆಯಾಗಿ, ಕುರ್ಚಿಯಲ್ಲಿ ಕೂತೇ ಜಖಂ ಆದವರು ಹೆಚ್ಚಾದರು. ವಿಶ್ವವಿದ್ಯಾಲಯದ ಗುಮಾಸ್ತರು, ಬ್ಯಾಂಕಿನವರು, ವಿಮಾ ಕಚೇರಿಯವರು. ಎಲ್ಲರದೂ ಒಂದೇ ಹಾಡು: ಮಣಿಕಟ್ಟು ಉರಿಯುತ್ತದೆ, ಬೆರಳು ಜೋಮು ಹಿಡಿಯುತ್ತದೆ, ಭುಜ ಕಲ್ಲಾಗಿದೆ. ಒಂದೇ ಸಣ್ಣ ಕೆಲಸವನ್ನು ದಿನಕ್ಕೆ ಸಾವಿರ ಸಲ, ವರ್ಷಗಟ್ಟಲೆ ಮಾಡಿದರೆ ಸ್ನಾಯು ಹೀಗೆ ಸೋಲುತ್ತದಂತೆ. ಲಿಡಿಯಾ ಬಂದವರ ಕೈ ಬಿಟ್ಟು ಕುತ್ತಿಗೆ, ಬೆನ್ನು, ಪಕ್ಕೆಲುಬುಗಳನ್ನು ಮುಟ್ಟಿ ನೋಡುವಳು. "ಕೈ ನೋವು ಅಂದ್ರ ಬೆನ್ನ ಒತ್ತತೀರಲ್ರಿ?" ಎಂದು ಅವರು ಗೊಣಗುವರು. "ಕೈಗೆ ಹೋಗೋ ನರ ಕುತ್ತಿಗಿಯಿಂದನ ಇಳೀತದ. ಮ್ಯಾಲಿನ ಗಂಟು ಬಿಚ್ಚದ ಕೆಳಗಿಂದು ಹ್ಯಾಂಗ ಬಿಚ್ಚತದ?" ಎಂದು ಆಕೆ ಕೇಳುವಳು. ನನಗಂತೂ ಈ ಮಾತು ಬಾಯಿಪಾಠವಾಗಿತ್ತು.

ಹೀಗಿರುವಾಗ ಬಂದವಳು ಚಂಪಾವತಿ ಬಡಿಗೇರ. ನಾನು ಕಂಡ ಸಾವಿರಾರು ಜನರಲ್ಲಿ ನನ್ನನ್ನು ಸರಿಯಾಗಿ ಗುರುತಿಸಿದವಳು ಅವಳೊಬ್ಬಳೇ. ಒಳಗೆ ಬಂದವಳು ಕುರ್ಚಿಯಲ್ಲಿ ಕೂರುವ ಮೊದಲೇ ನನ್ನ ಬದಿಯ ಹಲಗೆಯ ಮೇಲೆ ಕೈಯಾಡಿಸಿ, "ಹೊನ್ನಿ ಅಲ್ಲೇನ್ರಿ ಇದು? ನಮ್ಮಪ್ಪ ಬಡಿಗತನಾ ಮಾಡತಿದ್ರು. ಛಲೋ ಕೈ ಮಾಡೇತಿ ಇದನ್ನ" ಎಂದಳು. ಆ ಕ್ಷಣದಿಂದಲೇ ನಾನು ಅವಳ ಪಕ್ಷ.

ಅವಳಿಗೆ ಐವತ್ತನಾಲ್ಕು. ಕೋರ್ಟಿನಲ್ಲಿ ಹಿರಿಯ ಬೆರಳಚ್ಚುಗಾರ್ತಿ. ಸಾಕ್ಷಿ ಕಟಕಟೆಯಲ್ಲಿ ನಿಂತು ಹೇಳಿದ್ದನ್ನು ಅಲ್ಲೇ, ಎಲ್ಲರ ಎದುರಿಗೇ, ಟೈಪ್ ಮಾಡುವುದು ಅವಳ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿದ್ದಳು. ಈಗ ಬಲಗೈ ಮಣಿಕಟ್ಟು ಬೆಂಕಿಯಾಗಿತ್ತು, ಎಡಭುಜ ಏಳುತ್ತಿರಲಿಲ್ಲ. ಕಳೆದ ತಿಂಗಳು ಒಂದು ಸಾಕ್ಷಿಯ ಹೇಳಿಕೆಯಲ್ಲಿ ಎರಡು ಸಾಲು ಬಿಟ್ಟುಹೋಗಿದ್ದವು. ನ್ಯಾಯಾಧೀಶರು ಬೈದಿರಲಿಲ್ಲ, ಕರೆದು ಮೃದುವಾಗಿಯೇ ಹೇಳಿದ್ದರು: ಬೇಸಿಗೆ ರಜೆ ಮುಗಿದು ಕೋರ್ಟು ತೆರೆದ ಮೇಲೆ ಒಂದು ದಿನ ನೋಡೋಣ, ಆಗದಿದ್ದರೆ ದಾಖಲೆ ಕೋಣೆಗೆ ಹೋಗಿಬಿಡಿ, ಅಲ್ಲಿ ಆರಾಮ ಇರುತ್ತದೆ.

"ಆರಾಮಂತ, ಆರಾಮ!" ಎಂದಳು ಚಂಪಾವತಿ. "ಧೂಳದಾಗ ಕಡತಾ ಎಣಸ್ಕೋತ ಕುಂದ್ರೂದು ಆರಾಮೇನ್ರಿ? ಬಾಯಾರ, ಓದಾಕ ಬರದ ಮುದುಕಿ ಕಟಕಟಿಯೊಳಗ ನಿಂತು ಗಡಗಡ ನಡುಗತಿರತಾಳ. ಆಕಿ ಅಂದಿದ್ದು ಅಂದಂಗ ಕಾಗದಕ್ಕ ಇಳಿಸೋ ಕೈ ಇವು. ಆ ಜಾಗಾ ಬಿಟ್ಟು ನಾ ಎಲ್ಲಿಗೂ ಹೋಗಂಗಿಲ್ಲ."

ರಜೆ ಮುಗಿಯಲು ಐದು ವಾರ ಉಳಿದಿತ್ತು.

ಲಿಡಿಯಾ ಅವಸರ ಮಾಡುವವಳಲ್ಲ. ಮೊದಲು ನರರೋಗದ ವೈದ್ಯರ ಬಳಿಗೆ ಕಳಿಸಿ ಪರೀಕ್ಷೆ ಮಾಡಿಸಿದಳು. ನರಕ್ಕೆ ದೊಡ್ಡ ಧಕ್ಕೆಯಾಗಿಲ್ಲ, ಕತ್ತರಿ ಹಾಕುವ ಅಗತ್ಯವಿಲ್ಲ ಎಂದು ತಿಳಿದ ಮೇಲೆಯೇ ಕೈ ಹಚ್ಚಿದಳು. ವಾರಕ್ಕೆ ಎರಡು ಸಲ ಚಂಪಾವತಿಯ ಮುಖ ನನ್ನ ಕಿಂಡಿಗೆ ಬಂದು ಕೂರುತ್ತಿತ್ತು. ಅಗಲ ಕುಂಕುಮ, ಮೂಗಿನಲ್ಲಿ ಸಣ್ಣ ಮುತ್ತಿನ ನತ್ತು, ಬಿಗಿದ ಹಲ್ಲು. ಲಿಡಿಯಾ ಕುತ್ತಿಗೆಯ ಬುಡ, ಹೆಗಲು, ಮೇಲಿನ ಪಕ್ಕೆಲುಬು, ಮುಂಗೈ ಎಂದು ಒಂದೊಂದನ್ನೇ ಸಡಿಲಿಸುತ್ತ ಬಂದಳು. ಬಿಗಿದ ಹಲ್ಲು ಬಿಚ್ಚುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೂರುವ ರೀತಿಯೂ ಬದಲಾಗಬೇಕೆಂದು ಲಿಡಿಯಾ ಹೇಳಿದಳು. ಕುರ್ಚಿ ಎತ್ತರ, ಇವಳು ಕುಳ್ಳಿ, ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. "ಕೋರ್ಟಿನಾಗ ಹಳೇ ದಪ್ಪ ದಪ್ಪ ಪುಸ್ತಕ ಇರ್ತಾವಲ್ಲ, ಅಂಥಾವು ನಾಲ್ಕು ತಗೊಂಡು ಪಾದದ ಬುಡಕ್ಕ ಇಟ್ಕೋರಿ" ಎಂದುಬಿಟ್ಟಳು. ಚಂಪಾವತಿ ದಡಕ್ಕನೆ ಎದ್ದು ಕೂತಳು. "ಪುಸ್ತಕದ ಮ್ಯಾಲ ಕಾಲಾ? ಸರಸ್ವತಿ ರೀ ಅದು! ಕೈ ಹೋದ್ರ ಹೋಗಲಿ, ಅಂಥಾ ಕೆಲಸಾ ಮಾತ್ರ ನನ್ನ ಕಡೆಯಿಂದ ಆಗಂಗಿಲ್ಲ." ಮರುವಾರ ತಂದೆ ಮಾಡಿದ ಮಣೆಯೊಂದನ್ನು ಅಟ್ಟದಿಂದ ಇಳಿಸಿಕೊಂಡಳು. ಎತ್ತರ ಸರಿಹೋಯಿತು. ಮರದ ವಿಷಯ ಬಂದಾಗ ಬಡಿಗರ ಮಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೂರು ವಾರಕ್ಕೆ ನೋವು ಮುಕ್ಕಾಲು ಪಾಲು ಇಳಿಯಿತು. ಲಿಡಿಯಾಗೆ ಖುಷಿ, ನನಗೆ ಅವಳಿಗಿಂತ ಖುಷಿ. ಆದರೆ ನಾಲ್ಕನೇ ವಾರ ಚಂಪಾವತಿ ಮನೆಯಲ್ಲಿ ಅಭ್ಯಾಸಕ್ಕೆಂದು ಎರಡು ದಿನ ಟೈಪ್ ಮಾಡಿದ್ದೇ ತಡ, ಉರಿ ಹೋದ ದಾರಿಯಲ್ಲೇ ವಾಪಸು ಬಂತು. ಆ ದಿನ ಅವಳು ಬಂದವಳೇ ಬೋರಲು ಮಲಗಿದಳು. ಕಿಂಡಿಯೊಳಗಿಂದ ಒಂದು ಹನಿ ನೆಲಕ್ಕೆ ಬಿತ್ತು, ಹಿಂದೆಯೇ ಇನ್ನೊಂದು. ನನ್ನ ಮೇಲೆ ಮಲಗಿ ಸೋತು ಹೋಗುವುದೆಂದರೇನು!

ಲಿಡಿಯಾ ಅವಳ ಬೆನ್ನು ತಟ್ಟಿ, "ಏಳ್ರಿ, ಚಂಪಕ್ಕ. ನೀವು ಟೈಪ್ ಹ್ಯಾಂಗ ಮಾಡತೀರಿ, ಈ ಮಂಚದ ಮ್ಯಾಲ ಮಾಡಿ ತೋರಸ್ರಿ" ಎಂದಳು.

ಚಂಪಾವತಿ ಕುರ್ಚಿ ಎಳೆದುಕೊಂಡು ಕೂತು, ರೆಕ್ಸಿನ್ ಇಲ್ಲದ ನನ್ನ ಬದಿಯ ಹಲಗೆಯ ಮೇಲೆ ಹತ್ತೂ ಬೆರಳಿಟ್ಟು ಶುರು ಮಾಡಿದಳು. ದೇವರೇ! ಹತ್ತು ಸುತ್ತಿಗೆಗಳು ಒಟ್ಟಿಗೆ ಬಿದ್ದವು. ಪೈಲ್ವಾನನಿಗೆ ಹೆದರದ ನಾನು, ಹೇಳಲು ನಾಚಿಕೆಯಾಗುತ್ತದೆ, ಎಡಗಾಲಿನ ಹತ್ತಿರ ಕಿರ್ ಎಂದೆ. ಲಿಡಿಯಾ ಕಿವಿಗೊಟ್ಟು ಕೇಳಿದಳು.

"ಈ ಮಂಚ ಯಾವತ್ತೂ ಸಪ್ಪಳ ಮಾಡಿಲ್ಲ. ಇನ್ನೊಮ್ಮೆ ಹೊಡೀರಿ."

ಹೊಡೆದಳು. ನಾನು ಮತ್ತೆ ಕಿರ್ ಎಂದೆ. ಈ ಸಲ ಬೇಕೆಂದೇ ಎಂದೆನೆಂದು ಇಟ್ಟುಕೊಳ್ಳಿ.

"ಚಂಪಕ್ಕ, ನೀವು ಟೈಪ್ ಕಲ್ತದ್ದು ಯಾವುದರ ಮ್ಯಾಲ?"

"ಟೈಪರೈಟರ್ ಮಷೀನಿನ ಮ್ಯಾಲ್ರಿ. ಹದಿನೇಳನೇ ವಯಸ್ಸಿನಾಗ. ಆಮ್ಯಾಲ ಕೋರ್ಟಿನಾಗೂ ಹತ್ತು ವರ್ಷ ಮಷೀನ ಇತ್ತು. ಒಂದು ಮೂಲಪ್ರತಿ, ಐದು ಕಾರ್ಬನ್ ಪ್ರತಿ. ಆರನೇ ಪ್ರತಿಯೊಳಗ ಅಕ್ಷರ ಮೂಡಲಿಲ್ಲಂದ್ರ ಶಿರಸ್ತೇದಾರ ಸಾಹೇಬ್ರು ಎಲ್ಲಾ ಹರದು ಮಾರಿಗೆ ಒಗೀತಿದ್ರು. ನನ್ನ ಆರನೇ ಪ್ರತಿ ಮಾತ್ರ ಯಾವಾಗಲೂ ಲಕಲಕ ಅಂತಿತ್ತು. ಇಡೀ ಕೋರ್ಟಿಗೇ ಹೆಸರು ನಂದು!"

"ಈಗ ಕಂಪ್ಯೂಟರ್ ಬಂದು ಎಷ್ಟು ವರ್ಷ ಆತು?"

"ಇಪ್ಪತ್ತು."

"ಇಪ್ಪತ್ತು ವರ್ಷದಿಂದ ಕಾಗದನ ಇಲ್ಲ, ಚಂಪಕ್ಕ. ನೀವು ಇನ್ನೂ ಆರು ಪ್ರತಿಗೆ ಹೊಡೀಲಿಕ್ಕೆ ಹತ್ತೀರಿ. ಇನ್ನೊಂದು ನೋಡಿದೆ. ಸಾಲು ಮುಗದ ಕೂಡಲೆ ನಿಮ್ಮ ಎಡಗೈ ಮ್ಯಾಲೆದ್ದು ಏನೋ ದೂಡತದ. ಮಷೀನಿನ ಹಿಡಿಕಿ ಅಲ್ಲ ಅದು? ಆ ಹಿಡಿಕಿ ಈಗ ಎಲ್ಲೈತ್ರಿ?"

ಚಂಪಾವತಿಯ ಮುಖ ಕೆಂಪಾಗಿರಬೇಕು, ಏಕೆಂದರೆ ದನಿ ಕೆಂಪಾಗಿಯೇ ಬಂತು. "ಮೆತ್ತಗ ಮುಟ್ಟಿದ್ರ ಅದು ಟೈಪಿಂಗೇನ್ರಿ? ಈಗಿನ ಹುಡಿಗ್ಯಾರು ಮುಟ್ಟತಾವಲ್ಲ, ಕೀಲಿಗೆ ಗುಳುಗುಳು ಆಗೂ ಹಂಗ, ನನಗ ನೋಡಾಕ ಆಗಂಗಿಲ್ಲ. ನಾ ಕಷ್ಟಪಟ್ಟು ಗಳಿಸಿದ್ದ ಪೆಟ್ಟು ಇದು. ಅದನ್ನ ರೋಗ ಅಂತೀರಿ ನೀವು!" ಎಂದವಳೇ ಚೀಲ ಎತ್ತಿಕೊಂಡು ಹೊರಟುಹೋದಳು.

ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ನನಗೆ ಲಿಡಿಯಾಳ ಮೇಲೆ ಕೋಪ. ಮೂವತ್ತು ವರ್ಷದ ಹೆಮ್ಮೆಯನ್ನು ಹೀಗೆ ಒಂದೇ ಏಟಿಗೆ ಮುಟ್ಟಬಾರದಿತ್ತು. ಹೆಮ್ಮೆಯ ವಿಷಯ ನನಗೆ ಚೆನ್ನಾಗಿ ಗೊತ್ತು. ಅವಳು ಹೊರಟುಹೋದಾಗ ರಜೆ ಮುಗಿಯಲು ಎಂಟೇ ದಿನ ಉಳಿದಿತ್ತು.

ಆರನೇ ದಿನ ಬಾಗಿಲ ಬಳಿ ಅವಳ ಚಪ್ಪಲಿ ಸದ್ದು ಕೇಳಿತು. ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ಕೀಬೋರ್ಡು. ನನ್ನ ಮೇಲೆ ಇಟ್ಟು ಬಿಚ್ಚಿದಳು. "ಇವತ್ತ ಮುಂಜಾನೆ ಇದನ್ನ ಒರಸಾಕ ಹೋಗಿ ನೋಡಿದೆ ಬಾಯಾರ. ಕೀಲಿ ಮ್ಯಾಲಿನ ಅಕ್ಷರ ಅಳಿಸಿಹೋಗ್ಯಾವು, ಅದು ಬ್ಯಾರೆ ಮಾತು. ನಾಲ್ಕು ಕೀಲಿ ಒಡದಾವು. ಕೋರ್ಟಿನ ಕೆಲಸಕ್ಕಂತ ನಾನ ತಗೊಂಡು ಎಂಟು ತಿಂಗಳಾತು. ಹಿಂದಿಂದೂ ಹಂಗ ಆಗಿತ್ತು, ಅದರ ಹಿಂದಿಂದೂ. ಮಾಲು ಖರಾಬ ಅಂತ ಅಂಗಡಿಯವನ ಜೋಡಿ ಪ್ರತಿ ಸಲ ಜಗಳಾ ಮಾಡೀನಿ" ಎಂದು ಕುರ್ಚಿ ಎಳೆದುಕೊಂಡು ಕೂತು, "ಕಲಸ್ರಿ. ಇನ್ನೂ ಎರಡ ದಿನ ಅದಾವು" ಎಂದಳು.

ಆಗ ನನಗೆ ನನ್ನ ಜೀವನದ ದೊಡ್ಡ ಕೆಲಸ ಸಿಕ್ಕಿತು. ಲಿಡಿಯಾ ನನ್ನ ಕಿಂಡಿಯ ಮೇಲೆ ತೆಳ್ಳನೆಯ ಬಟ್ಟೆಯನ್ನು ಸಡಿಲವಾಗಿ ಹಾಸಿ, ಅದರ ಮೇಲೆ ಒಂದು ತುದಿ ಬರುವಂತೆ ಕೀಬೋರ್ಡು ಇಟ್ಟಳು. ಮೆತ್ತಗೆ ಮುಟ್ಟಿದರೆ ಅದು ನಿಲ್ಲುತ್ತದೆ, ಗುದ್ದಿದರೆ ಆ ತುದಿ ಬಟ್ಟೆಯೊಂದಿಗೆ ಕಿಂಡಿಯೊಳಗೆ ಜಾರುತ್ತದೆ. ಮೊದಲ ದಿನ ಜಾರಿತು, ಜಾರಿತು, ಜಾರುತ್ತಲೇ ಇತ್ತು. "ಥೂ ಇದರ!" ಎಂದು ಚಂಪಾವತಿ ನನ್ನನ್ನು ಬೈದಳು. ಬೈಯಲಿ, ನಾನು ಪಟ್ಟು ಬಿಡಲಿಲ್ಲ. ಮಧ್ಯೆ ಮಧ್ಯೆ ಲಿಡಿಯಾ ಅವಳನ್ನು ಮಲಗಿಸಿ ಹೆಗಲು ಸಡಿಲಿಸುವಳು, ಮತ್ತೆ ಎಬ್ಬಿಸಿ ಕೂರಿಸುವಳು. ಇಪ್ಪತ್ತು ನಿಮಿಷಕ್ಕೊಮ್ಮೆ ಕೈ ಕೆಳಗಿಟ್ಟು ಉಸಿರು ಬಿಡಬೇಕೆಂದು ತಾಕೀತು ಮಾಡಿದಳು. ಎರಡನೇ ದಿನ ಸಂಜೆಯ ಹೊತ್ತಿಗೆ ಅವಳು ಒಂದು ಪುಟ ಪೂರಾ ಟೈಪ್ ಮಾಡಿದಳು. ಕೀಬೋರ್ಡು ಕೂದಲೆಳೆಯಷ್ಟೂ ಅಲುಗಲಿಲ್ಲ. ನಾನೂ ತುಟಿಪಿಟಕ್ಕೆನ್ನಲಿಲ್ಲ.

ಕೋರ್ಟು ತೆರೆದ ದಿನ ನನಗೇನು ಎದ್ದು ಹೋಗಿ ನೋಡಲಾಗುತ್ತದೆಯೇ? ಇಡೀ ದಿನ ಚಡಪಡಿಸಿದೆ. ಲಿಡಿಯಾಳ ಕೈಯೂ ಅಂದು ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಬ್ಯಾಂಕಿನವನೊಬ್ಬನ ಸರಿಯಿದ್ದ ಭುಜವನ್ನೇ ಹತ್ತು ನಿಮಿಷ ತಿಕ್ಕಿದಳು. ಸಂಜೆ ಐದೂವರೆಗೆ ಚಂಪಾವತಿ ಬಂದಳು, ಪೇಡೆ ಪೊಟ್ಟಣದ ಸಮೇತ.

"ಕೇಳ್ರಿ ಬಾಯಾರ! ಹೊಲದ ತಕರಾರಿನ ಕೇಸು. ಎಂಬತ್ತು ವರ್ಷದ ಅಜ್ಜಿ ಸಾಕ್ಷಿ. ಅಳ್ಕೋತ, ಕೆಮ್ಮಕೋತ, ಹಿಂದಿಂದು ಮುಂದ ಮುಂದಿಂದು ಹಿಂದ ಹೇಳಾಕತ್ತಿದ್ಲು. ನಾ ಅಪ್ಪನ ಮಣಿ ಮ್ಯಾಲ ಕಾಲಿಟ್ಟು ಟೈಪ್ ಮಾಡಾಕತ್ತೀನಿ. ಅರ್ಧ ತಾಸು ಆತು. ಜಡ್ಜ್ ಸಾಹೇಬ್ರು ಒಮ್ಮಿಲೇ ಅಜ್ಜಿನ ತಡದು, ನನ್ನ ಕಡೆ ನೋಡಿ, 'ಬಡಿಗೇರ ಅವರೇ, ಯಾಕೆ ಟೈಪ್ ಮಾಡೋದು ನಿಲ್ಲಿಸಿಬಿಟ್ಟಿರಿ?' ಅಂದ್ರು. ಕೋರ್ಟಿಗೆ ಕೋರ್ಟೇ ತಿರುಗಿ ನನ್ನ ಮಾರಿ ನೋಡ್ತು. ಆಗೇಹೋತು ದಾಖಲೆ ಕೋಣಿ ಅಂತ ವಕೀಲರೆಲ್ಲಾ ಮಾರಿ ಸಣ್ಣ ಮಾಡಿದ್ರು."

"ಅಯ್ಯೋ, ಆಮ್ಯಾಲ?"

"ಆಮ್ಯಾಲ ಏನು! ನಿಲ್ಸಿಲ್ರಿ ಸಾಹೇಬ್ರ, ಅಂದೆ. ಪರದೆ ಅವರ ಕಡೆ ಹೊಳ್ಳಿಸಿದೆ. ಅಜ್ಜಿ ಅಂದಿದ್ದು ಒಂದಕ್ಷರ ಬಿಡಲಾರದಂಗ ಐತಿ, 'ಅಯ್ಯೋ ನನ್ನಪ್ಪ' ಅಂದಿದ್ದು ಸುದ್ದಾ. ಮೂವತ್ತು ವರ್ಷ ನನ್ನ ಟಕಟಕ ಕೇಳಿದ ಕೋರ್ಟು, ಸಪ್ಪಳ ಇಲ್ಲಂದ ಕೂಡಲೆ ನಾ ಕೆಲಸಾನ ಮಾಡಾಕತ್ತಿಲ್ಲ ಅಂತ ತಿಳೀತು! ಸಾಹೇಬ್ರು ಪೂರಾ ಓದಿ, ಕನ್ನಡಕ ತಗದು, 'ಮುಂದುವರಿಸಿ' ಅಂದ್ರು. ಅಷ್ಟ. ಸಂಜೀಮಟಾ ಟೈಪ್ ಮಾಡೀನಿ. ನೋಡ್ರಿ ಕೈ!"

ಆ ಕೈಯನ್ನು ನನ್ನ ಮೇಲೆ ಚಾಚಿದಳು. ಬಿಸಿಯಿಲ್ಲ, ಬಿಗಿತವಿಲ್ಲ. ಲಿಡಿಯಾ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು, ಇಬ್ಬರೂ ಅತ್ತರು, ಪೇಡೆಯ ಪುಡಿಯೆಲ್ಲ ನನ್ನ ರೆಕ್ಸಿನ್ ಮೇಲೆ ಚೆಲ್ಲಿತು. ಇರುವೆ ಹತ್ತಿದವು. ನಾನೇನೂ ಬೇಜಾರು ಮಾಡಿಕೊಳ್ಳಲಿಲ್ಲ.

ಆಮೇಲೆ ಆರು ವರ್ಷ ಚಂಪಾವತಿ ಅದೇ ಜಾಗದಲ್ಲಿ ಕೂತಳು. ತಿಂಗಳಿಗೊಮ್ಮೆ ನನ್ನ ಬಳಿ ಬಂದು ಹೆಗಲು ತೋರಿಸಿ ಹೋಗುವಳು. ಒಬ್ಬಳೇ ಬರುತ್ತಿರಲಿಲ್ಲ, ಕೋರ್ಟಿನಿಂದ ಯಾರಾದರೊಬ್ಬ ನೋವಿನವರನ್ನು ರಟ್ಟೆ ಹಿಡಿದು ಎಳೆದುಕೊಂಡು ಬರುವಳು. "ಹೊಡೀಬ್ಯಾಡ್ರಿ, ಮುಟ್ರಿ" ಎಂದು ಅವರಿಗೆ ಪಾಠ ಬೇರೆ. ಆ ಪಾಠದ ಮೂಲ ಯಾರು ಎಂದು ನಾನು ಹೇಳಬೇಕಾಗಿಲ್ಲ.

ಈಗ ನನಗೆ ವಯಸ್ಸಾಯಿತು. ರೆಕ್ಸಿನ್ ಮೂರು ಸಲ ಬದಲಾಗಿದೆ, ಎಡಗಾಲಿನ ಕೀಲು ಸಡಿಲವಾಗಿದೆ. ಕೋಣೆಯ ನಡುವೆ ಗುಂಡಿ ಒತ್ತಿದರೆ ಏರಿ ಇಳಿಯುವ ಹೊಸ ಮಂಚ ಬಂದು ನಿಂತಿದೆ. ನನ್ನನ್ನು ಕಿಟಕಿಯ ಪಕ್ಕ ಸರಿಸಿದ್ದಾರೆ. ಬಂದವರು ನನ್ನ ಮೇಲೆ ಚೀಲ, ಛತ್ರಿ, ಹೆಲ್ಮೆಟ್ಟು ಇಡುತ್ತಾರೆ. ಮೊದಲು ಸಿಟ್ಟು ಬರುತ್ತಿತ್ತು, ಈಗ ಅಭ್ಯಾಸವಾಗಿದೆ.

ಚಂಪಾವತಿ ನಿವೃತ್ತಳಾದ ದಿನ ಹೂವಿನ ಹಾರ ಕೈಯಲ್ಲಿ ಹಿಡಿದುಕೊಂಡು ನೇರ ಇಲ್ಲಿಗೆ ಬಂದಳು. ಅಂದೂ ಸಂಜೆಯವರೆಗೆ ಸಾಕ್ಷಿಯೊಂದನ್ನು ಟೈಪ್ ಮಾಡಿ ಮುಗಿಸಿಯೇ ಎದ್ದಳಂತೆ. ಲಿಡಿಯಾ ಅವಳ ಕುತ್ತಿಗೆಗೆ ಕೈ ಹಾಕಿದಳು. ಚಂಪಾವತಿ ತಟ್ಟನೆ ಆ ಕೈ ಹಿಡಿದುಕೊಂಡಳು.

"ಬಾಯಾರ, ನಿಮ್ಮ ಹೆಬ್ಬಟ್ಟಿಗೆ ಏನಾಗೇತಿ? ಹೋದ ತಿಂಗಳಿಂದ ನೋಡಾಕತ್ತೀನಿ. ಹೆಬ್ಬಟ್ಟು ಬಿಟ್ಟು ಮೊಣಕೈಲೆ ಒತ್ತತೀರಿ."

"ಏನಿಲ್ಲ ಬಿಡ್ರಿ. ದಿನಾ ಇದ ಕೆಲಸ, ಸ್ವಲ್ಪ ಸೋತಾವ."

"ಊರ ಮಂದಿಗೆಲ್ಲಾ ಹೇಳೋ ನೀವು ಇದನ್ನ ಏನಿಲ್ಲ ಅಂತೀರಾ? ಯಾರ ಮುಂದ ಮಲಗೀರಿ ಇಷ್ಟು ವರ್ಷದಾಗ?"

ಚಂಪಾವತಿ ನನ್ನ ಮೇಲಿದ್ದ ಚೀಲ, ಛತ್ರಿಗಳನ್ನೆಲ್ಲ ಎತ್ತಿ ಕೆಳಗಿಟ್ಟಳು. "ಆ ಹೊಸಾದು ಬ್ಯಾಡ, ಇದರ ಮ್ಯಾಲ ಬರ್ರಿ. ನಾಳೆ ಬೇರೆ ಡಾಕ್ಟರ ಕಡೆ ನಾನ ಕರಕೊಂಡು ಹೋಗತೀನಿ, ನನಗಿನ್ನ ಕೆಲಸೇನೈತಿ? ಇವತ್ತು ಸುಮ್ಮನ ಮಲಗ್ರಿ."

ನನ್ನನ್ನು ಮಾಡಿಸಿದವಳು, ಇಪ್ಪತ್ತೈದು ವರ್ಷ ನನ್ನ ಪಕ್ಕದಲ್ಲಿ ನಿಂತೇ ಇದ್ದವಳು, ಅಂದು ಮೊದಲ ಬಾರಿಗೆ ನನ್ನ ಮೇಲೆ ಮಲಗಿದಳು. ಎಷ್ಟು ಹಗುರ ಇದ್ದಳೆಂದರೆ ನನಗೆ ನಂಬಿಕೆಯಾಗಲಿಲ್ಲ. ಕಿಂಡಿಯೊಳಗೆ ಅವಳ ಮುಖ ಬಂತು. ಇಷ್ಟು ವರ್ಷ ನಾನು ಕಂಡದ್ದು ಅವಳ ಪಾದ, ಕೇಳಿದ್ದು ಅವಳ ದನಿ, ಬಲ್ಲದ್ದು ಅವಳ ಕೈ ಮಾತ್ರ. ಬೆಳ್ಳಗಾದ ಹುಬ್ಬು, ಕಣ್ಣಿನ ಸುತ್ತ ನೆರಿಗೆ, ತುಂಬಾ ದಣಿದ ಮುಖ. ಓಹೋ, ನೀನು ಹೀಗಿದ್ದೀಯಾ ತಾಯಿ, ಎಂದುಕೊಂಡೆ. ಮೇಲೆ ಚಂಪಾವತಿಯ ಹತ್ತು ಬೆರಳುಗಳು ಅವಳ ಹೆಗಲನ್ನು ಹಗುರಾಗಿ ಮುಟ್ಟುತ್ತ ಗಂಟು ಹುಡುಕುತ್ತಿದ್ದವು. ಸ್ವಲ್ಪ ಹೊತ್ತಿಗೆ ಲಿಡಿಯಾ ಕಣ್ಣು ಮುಚ್ಚಿದಳು, ಉಸಿರು ನಿಧಾನವಾಯಿತು.

ಅವಳು ಮುಕ್ಕಾಲು ಗಂಟೆ ದಾಟಿದರೂ ಏಳಲಿಲ್ಲ. ಚಂಪಾವತಿ ಎಬ್ಬಿಸಲಿಲ್ಲ. ಸಡಿಲವಾದ ಎಡಗಾಲನ್ನು ಅಲುಗಿಸದೆ, ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿಕೊಂಡು ನಾನೂ ಗಟ್ಟಿಯಾಗಿ ನಿಂತೆ.